ಜನರೇಟರಿನ ಸದ್ದಿನಲ್ಲಿ ಸಂಗೀತ ಪಾಠ

ಪಕ್ಕದ ಮನೆಯ ತಾರಸಿಯ ಮೇಲೆ ಮೊಬೈಲ್ ಟವರ್ ಎದ್ದು ನಿಂತ ವರ್ಷ ನಾನು ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಹುಡುಗಿಯರಿಗೆ ಹಿಂದೂಸ್ತಾನಿ ಸಂಗೀತ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಕೆಲವರು, ಸಂಜೆ ಶಾಲೆ ಬಿಟ್ಟ ಮೇಲೆ ಕೆಲವರು. ಮುಂದಿನ ಕೋಣೆಯಲ್ಲಿ ಎರಡು ಜಮಖಾನೆ, ಒಂದು ಹಾರ್ಮೋನಿಯಂ ಪೇಟಿ, ಒಂದು ತಬಲಾ ಜೋಡಿ, ಅಷ್ಟೇ. ಗಂಡ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ದಿನಾ ರೈಲಿಗೆ ಹೋಗಿ ರೈಲಿಗೇ ಬರುತ್ತಿದ್ದರು.

ಟವರ್ ಬಂದಾಗ ನನಗೆ ಸಿಟ್ಟು ಬರಲಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಆಮೇಲೆ ಇಡೀ ಓಣಿಯಲ್ಲಿ ನನ್ನನ್ನು ಪ್ರಗತಿಯ ವೈರಿ ಎಂದು ಆಡಿಕೊಂಡರು. ಮನೆಗೊಂದು ಫೋನ್ ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನಾವು. ಗಂಡ ಮೊದಲ ಮೊಬೈಲ್ ತಂದ ದಿನ ನಾನೂ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದೆ. ನನ್ನ ಜಗಳ ಟವರಿನ ಜೊತೆ ಅಲ್ಲ, ಅದಕ್ಕೆಂದು ನಮ್ಮ ಗೋಡೆಗೆ ತಾಗಿಸಿ ಇಟ್ಟ ಡೀಸೆಲ್ ಜನರೇಟರಿನ ಜೊತೆ.

ಆಗ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಲೋಡ್ ಶೆಡ್ಡಿಂಗ್. ಪಾಠದ ಹೊತ್ತಿಗೇ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಓಣಿಯ ದೀಪಗಳೆಲ್ಲ ಆರಿದ ಕೂಡಲೇ ಜನರೇಟರ್ ಗುಡುಗಲು ಶುರುಮಾಡುತ್ತಿತ್ತು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಸೆಖೆ. ಮನುಷ್ಯರಿಗೆ ಇಲ್ಲದ ಕರೆಂಟು ಆ ಕಬ್ಬಿಣದ ಗೋಪುರಕ್ಕೆ ಮಾತ್ರ ಎಲ್ಲಿಂದಾದರೂ ಬರಲೇಬೇಕಿತ್ತು.

ಸಂಗೀತದ ಜೂನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದ ಒಬ್ಬ ಹುಡುಗಿ ಇದ್ದಳು. ಒಳ್ಳೆಯ ಕಂಠ, ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಒಂದು ಸಂಜೆ ಭೂಪ ರಾಗ ಹಾಡುತ್ತಿದ್ದಾಗ ಕರೆಂಟ್ ಹೋಯಿತು, ಜನರೇಟರ್ ಶುರುವಾಯಿತು. ಅದರ ಗುಂಯ್ ಎನ್ನುವ ಸದ್ದು ನಮ್ಮ ಷಡ್ಜಕ್ಕಿಂತ ತುಸುವೇ ಕೆಳಗಿತ್ತು. ಹುಡುಗಿಯ ದನಿ ಅವಳಿಗೆ ಗೊತ್ತಿಲ್ಲದಂತೆ ಆ ಸದ್ದಿಗೆ ಜಾರಿತು. ನಾನು ಪೇಟಿಯನ್ನು ಜೋರಾಗಿ ಒತ್ತಿ ಸುರ ಹಿಡಿದೆ. ಅವಳು ಏರಲು ನೋಡಿದಳು, ಮತ್ತೆ ಜಾರಿದಳು. ಕೊನೆಗೆ ಹಾಡುವುದನ್ನೇ ನಿಲ್ಲಿಸಿ, “ಅಕ್ಕಾರ, ನನಗ ಪೇಟಿ ಕೇಳಸವಲ್ದು. ಅದೊಂದ ಕೇಳಸಾಕತ್ತೈತಿ” ಎಂದು ಅಳತೊಡಗಿದಳು.

ಮರುದಿನ ಪಕ್ಕದ ಮನೆಗೆ ಹೋದೆ. ಅಲ್ಲಿನ ಯಜಮಾನರು ಕಾಳಿನ ವ್ಯಾಪಾರ ಮಾಡಿ ಮಕ್ಕಳಿಗೆ ಅಂಗಡಿ ಬಿಟ್ಟುಕೊಟ್ಟ ಹಿರಿಯರು. ನಾನು ಕಾಕಾ ಎಂದೇ ಕರೆಯುತ್ತಿದ್ದೆ.

“ಕಾಕಾ, ಆ ಜನರೇಟರ್ ಬ್ಯಾರೆ ಕಡೆ ಇಡಸ್ರಿ. ಹುಡುಗ್ಯಾರಿಗೆ ಪಾಠ ಆಗವಲ್ದು.”

“ಅದು ನನ್ನ ಕೈಯಾಗ ಎಲ್ಲೈತಿ ಅಕ್ಕಾರ? ಬರೇ ಜಾಗಾ ನಂದು. ಮಶೀನು ಕಂಪನೀದು. ಅವರನ್ನ ಕೇಳ್ರಿ.”

ಕಂಪನಿಯವರನ್ನು ಕೇಳುವುದು ಎಲ್ಲಿ? ಅಂಗಡಿಯಲ್ಲಿ ಸಿಮ್ ಮಾರುವವರು ಒಂದು ನಂಬರ್ ಕೊಟ್ಟರು. ಕನ್ನಡಕ್ಕೆ ಒಂದು ಒತ್ತಿ, ಬಿಲ್ಲಿಗೆ ಎರಡು ಒತ್ತಿ ಎನ್ನುತ್ತ ಹೋಗಿ, ಕಡೆಗೆ ಯಾವುದೋ ದೂರದ ಊರಿನ ಹುಡುಗಿ ಮಾತಾಡಿದಳು. ಸದ್ದು ತಡೆಯಲಾಗುತ್ತಿಲ್ಲ ಎಂದೆ.

“ಕಾಲ್‌ನಲ್ಲಿ ಸದ್ದು ಬರ್ತಾ ಇದೆಯಾ ಮೇಡಂ?”

“ಫೋನಿನ್ಯಾಗಲ್ಲ ತಂಗಿ, ನಮ್ಮ ಗ್ವಾಡಿ ಹಿಂದ.”

“ಹ್ಯಾಂಡ್‌ಸೆಟ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ.”

ಅವಳ ಮೇಲೆ ಸಿಟ್ಟು ಮಾಡಿ ಏನು ಬಂತು, ಅವಳಿಗೆ ಕಲಿಸಿದ್ದು ಅಷ್ಟೇ. ಆದರೂ ಸಿಟ್ಟು ಮಾಡಿದೆ. ಫೋನ್ ಇಟ್ಟ ಮೇಲೂ ಅಡಿಗೆ ಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತ ಬೈದೆ.

ಆಮೇಲೆ ಇಂಥ ದೂರು ತೆಗೆದುಕೊಳ್ಳುವ ಸರ್ಕಾರಿ ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಬೇಡ. ಬರೆದುಕೊಂಡು ಹೋಗಿದ್ದ ಅರ್ಜಿಯನ್ನು ಅಲ್ಲಿನ ಗುಮಾಸ್ತ ಮುಟ್ಟಲೂ ಇಲ್ಲ.

“ಈಗ ಹಾಳಿ ಮ್ಯಾಲೆ ತಗೊಳ್ಳೂದಿಲ್ಲರಿ. ಎಲ್ಲಾ ಕಂಪ್ಯೂಟರ್ ಆಗೇತಿ. ಕರೆಂಟ್ ಬಂದ ಮ್ಯಾಲೆ ಬರ್ರಿ.”

ಕರೆಂಟ್ ಇದ್ದಾಗ ಹೋದೆ. ಕಂಪ್ಯೂಟರ್ ಬಲ್ಲವನು ತರಬೇತಿಗೆಂದು ಹಾವೇರಿಗೆ ಹೋಗಿದ್ದ. ಮತ್ತೊಮ್ಮೆ ಹೋದೆ. ಈ ಸಲ ಕರೆಂಟೂ ಇತ್ತು, ಅವನೂ ಇದ್ದ. ಆದರೆ ಅವನ ಪರದೆಯ ಮೇಲೆ ನಳ, ಗಟಾರ, ಕಸ, ಬೀದಿ ದೀಪ ಎಂದಷ್ಟೇ ಇತ್ತು. ಜನರೇಟರ್ ಎಂಬ ತೊಂದರೆಯೇ ಅದರೊಳಗೆ ಇರಲಿಲ್ಲ.

“ಬೀದಿ ದೀಪದಾಗ ಹಾಕಿಬಿಡ್ತೇನ್ರಿ” ಎಂದ. “ಅದೂ ಕರೆಂಟಿಗೆ ಸಂಬಂಧಪಟ್ಟದ್ದಾ ಅಲ್ರಿ?”

ಕೆಲವು ದಿನ ಬಿಟ್ಟು ನಮ್ಮ ಮನೆ ಮುಂದೆ ಒಬ್ಬ ಏಣಿ ತಂದು, ಸರಿಯಾಗಿಯೇ ಉರಿಯುತ್ತಿದ್ದ ಬೀದಿ ದೀಪದ ಬಲ್ಬು ಬಿಚ್ಚಿ ಹೊಸದು ಹಾಕಿ ಹೋದ. ಕಚೇರಿಗೆ ಹೋಗಿ ಕೇಳಿದರೆ, ನನ್ನ ದೂರು ಪರಿಹಾರವಾಗಿದೆ ಎಂದು ಕಂಪ್ಯೂಟರಿನಲ್ಲಿ ಬಂದಿತ್ತು. ಅಂಥದೊಂದು ಸುಳ್ಳನ್ನು ಒಬ್ಬ ಮನುಷ್ಯ ನನ್ನ ಮುಖ ನೋಡಿ ಹೇಳಿದ್ದರೆ ಬೈಯಬಹುದಿತ್ತು. ಯಂತ್ರಕ್ಕೆ ಏನೆಂದು ಬೈಯಲಿ?

ಅಂದು ಸಂಜೆ ಬ್ಯಾಡಗಿಯಿಂದ ಬಂದ ಗಂಡನ ಮೇಲೆ ಎಲ್ಲವನ್ನೂ ಸುರಿದೆ. ಅವರು ಸಮಾಧಾನವಾಗಿ ಹೇಳಿದರು: “ನಮ್ಮ ಪ್ಯಾಟಿ ಈಗ ಮೊಬೈಲ್ ಮ್ಯಾಲೇ ನಡಿಯಾಕತ್ತೈತಿ. ನಾಳೆ ಮೆಣಸಿನಕಾಯಿ ಟೆಂಡರ್‌ನೂ ಕಂಪ್ಯೂಟರಿನ್ಯಾಗ ಮಾಡ್ತಾರಂತ. ಟವರ್ ಬ್ಯಾಡ ಅಂದ್ರ ಹೆಂಗ?”

“ಟವರ್ ಬ್ಯಾಡ ಅಂದೆನೇನ್ರಿ ನಾನು? ಟವರ್ ಬ್ಯಾಡ ಅಂತ ಯಾವಾಗ ಅಂದೇನಿ?”

ಅವರು ಕೈಕಾಲು ತೊಳೆದು ಊಟಕ್ಕೆ ಕುಳಿತರು. ಅವತ್ತು ನಾನು ಊಟ ಮಾಡಲಿಲ್ಲ.

ಮುಂದಿನ ಶನಿವಾರ ಶಾಲೆ ಅರ್ಧ ದಿನ. ಹುಡುಗಿಯರನ್ನೆಲ್ಲ ಕೂಡಿಸಿದೆ, ಪೇಟಿಯನ್ನು ರಿಕ್ಷಾದಲ್ಲಿ ಹಾಕಿದೆ, ಸೀದಾ ಆ ಕಚೇರಿಗೆ ಹೋದೆ. ಸಾಹೇಬರ ಕೋಣೆಯ ಮುಂದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿ ಸ್ವರಗಳ ಅಲಂಕಾರ ಹಾಡಿಸಲು ಶುರುಮಾಡಿದೆ. ಇಷ್ಟು ದಿನ ಹೊಗೆ ಕುಡಿದ ಕಂಠಗಳು ಅಲ್ಲಿ ಎತ್ತರದ ಛಾವಣಿಯ ಕೆಳಗೆ ಗಂಟೆಯಂತೆ ಮೊಳಗಿದವು. ಗುಮಾಸ್ತರು ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಸಾಹೇಬರೂ ಬಂದರು.

“ಏನ್ರಿ ಇದು?”

“ಪಾಠ ರೀ. ಮನಿಯಾಗ ಮಾಡಾಕ ಆಗವಲ್ದು, ಇಲ್ಲಿಗೆ ಬಂದೇವಿ.”

“ಇದು ಆಫೀಸು. ಇಂಥಾ ಗದ್ದಲದಾಗ ಇಲ್ಲಿ ಕೆಲಸಾ ಹೆಂಗ ಮಾಡೋದು?”

“ಗದ್ದಲದಾಗ ಕೆಲಸಾ ಆಗೂದಿಲ್ಲಂತ ನಿಮಗೂ ತಿಳೀತಲ್ರಿ” ಎಂದೆ.

ಸಾಹೇಬರು ಜೇಬಿನಿಂದ ತಮ್ಮ ಮೊಬೈಲ್ ತೆಗೆದು ಕಂಪನಿಯ ಮನುಷ್ಯನಿಗೆ ಅಲ್ಲೇ ನಿಂತು ಮಾತಾಡಿದರು. ಆ ನಂಬರ್ ಇಷ್ಟು ದಿನವೂ ಅವರ ಜೇಬಿನಲ್ಲೇ ಇತ್ತು. ನಾನು ಕಂಪ್ಯೂಟರಿನ ಮುಂದೆ ಸರದಿ ನಿಂತಾಗಲೂ ಇತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೇಗನೆ ಜನರೇಟರನ್ನು ನಮ್ಮ ಗೋಡೆಯಿಂದ ಎತ್ತಿ ಕಾಕಾನ ಮನೆಯ ಹಿಂಬದಿಗೆ ಸಾಗಿಸಿದರು. ಪಾಠ ಮತ್ತೆ ನಡೆಯಿತು. ಗೆದ್ದೆ ಎಂದುಕೊಂಡೆ.

ಹಿಂದಿನ ಓಣಿಯಲ್ಲಿ ತಗಡಿನ ಮನೆಗಳು. ಅಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದ ಹೆಂಗಸೊಬ್ಬಳು, ಆಗಷ್ಟೇ ಹೆತ್ತವಳು, ಕೂಸನ್ನು ಎತ್ತಿಕೊಂಡು ಒಂದು ಬೆಳಿಗ್ಗೆ ನಮ್ಮ ಕಟ್ಟೆಯ ಹತ್ತಿರ ನಿಂತಳು. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ.

“ಅಕ್ಕಾರ, ಆ ಮಶೀನ್ ಶುರುವಾತಂದ್ರ ತಗಡೆಲ್ಲಾ ನಡಗತಾವ್ರಿ. ಕೂಸು ಮಲಗವಲ್ದು. ನೀವು ಏನ್ ಮಾಡಿ ಅದನ್ನ ತಗಸಿದ್ರಿ? ನನಗೂ ಹೇಳಿಕೊಡ್ರಿ.”

ಈಗ ಬಂದ ಸಿಟ್ಟಿನ ಮುಂದೆ ಹಿಂದೆ ಬಂದ ಸಿಟ್ಟೆಲ್ಲ ಏನೂ ಅಲ್ಲ ಅನ್ನಿಸಿತು. ಯಾರಿಗೂ ತೊಂದರೆಯಾಗದ ಜಾಗ ಅವರು ಹುಡುಕಿರಲಿಲ್ಲ. ತೊಂದರೆಯಾದರೂ ಬಾಯಿ ಬಿಡದ ಜನರ ಜಾಗ ಹುಡುಕಿದ್ದರು. ಅವಳನ್ನೂ ಅವಳ ಓಣಿಯ ಹೆಂಗಸರನ್ನೂ ಕರೆದುಕೊಂಡು ಮತ್ತೆ ಆ ಕಚೇರಿಗೆ ಹೋದೆ.

ಸಾಹೇಬರು ನನ್ನನ್ನು ಕಂಡವರೇ, “ಈಗ ನಿಮ್ಮ ಮನಿ ಕಡೆ ಇಲ್ಲಲ್ರಿ? ಮತ್ಯಾಕ ಬಂದ್ರಿ?” ಎಂದರು.

“ನಮ್ಮ ಮನಿ ಕಡೆ ಐತ್ರಿ” ಎಂದಳು ರೊಟ್ಟಿಯವಳು. “ನನಗ ಇವರಂಗ ಹಾಡಾಕ ಬರೂದಿಲ್ಲ. ಕೂಸು ಚಲೋತ್ನಾಗಿ ಅಳತೈತಿ. ಇದನ್ನ ತಗೊಂಡು ದಿನಾ ಇಲ್ಲೇ ಬಂದು ಕುಂದರತೇನ್ರಿ.”

ಅವಳು ಹೇಳಿದಂತೆಯೇ ಮಾಡಿದಳು. ರೊಟ್ಟಿ ಬಡಿಯುವ ಕೆಲಸ ಬಿಟ್ಟು, ಗಂಡನ ಬೈಗುಳ ಕೇಳಿಸಿಕೊಂಡು, ದಿನಾ ಬಂದು ಕುಳಿತಳು. ನನಗೆ ಬಿಡುವಾದಾಗಲೆಲ್ಲ ನಾನೂ ಪಕ್ಕದಲ್ಲಿ ಕುಳಿತೆ. ಕಡೆಗೆ ಕಂಪನಿಯವರು ಬೇರೊಂದು ಜನರೇಟರ್ ತಂದರು. ಸುತ್ತ ಪೆಟ್ಟಿಗೆ ಇದ್ದದ್ದು, ಸದ್ದು ಕಡಿಮೆ. ಇಂಥದೊಂದು ಇದೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಯಾರಾದರೂ ಬಂದು ಕುಳಿತು ಅಳುವವರೆಗೆ ತರಬೇಕು ಅನ್ನಿಸಿರಲಿಲ್ಲ, ಅಷ್ಟೇ. ಅದನ್ನು ಕಾಕಾನ ಮನೆ ಮುಂದೆಯೇ ಇಟ್ಟರು. ಕಾಕಾ ನನ್ನ ಜೊತೆ ಮಾತು ಬಿಟ್ಟರು.

ಜೂನಿಯರ್ ಪರೀಕ್ಷೆಯ ಹುಡುಗಿ ಅಷ್ಟರಲ್ಲಿ ಪಾಠ ಬಿಟ್ಟಿದ್ದಳು. ಸಂಗೀತದಿಂದ ಏನಾದೀತು, ಮುಂದೆ ಎಲ್ಲಾ ಕಂಪ್ಯೂಟರೇ ಎಂದು ಮನೆಯವರು ಅದೇ ಸಂಜೆಯ ಹೊತ್ತಿಗೆ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದರು. ಒಂದು ದಿನ ಸಂತೆಯಲ್ಲಿ ಅವಳ ತಾಯಿ ಸಿಕ್ಕರು. ಮಗಳ ಕ್ಲಾಸು ಹೇಗೆ ನಡೆದಿದೆ ಎಂದು ಕೇಳಿದೆ.

“ಎಲ್ಲಿದ್ರಿ ಅಕ್ಕಾರ, ಅಲ್ಲಿ ಜನರೇಟರ್ ಇಲ್ಲ. ಕರೆಂಟ್ ಹೋತಂದ್ರ ಸುಮ್ನ ಕುಂತು ಬರತಾಳ.”

“ಆ ಹೊತ್ತಿನ್ಯಾಗರ ನನ್ನ ಕಡೆ ಕಳಸ್ರಿ” ಎಂದೆ.

ಅವರು ನಕ್ಕು ಬದನೆಕಾಯಿ ಆರಿಸತೊಡಗಿದರು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.