ಕಣ್ಣಿಗೆ ದುಡ್ಡಿತ್ತು, ಸಹಿಗೆ ಜನ ಇರಲಿಲ್ಲ

ಹೋದ ವರ್ಷ ಮಾರ್ಚ್ ತಿಂಗಳ ಕೊನೆಯ ವಾರದ ಮಾತು.

ನಾನು ಬೆಳಗಾವಿಯ ಒಂದು ಬಿಡಿಭಾಗಗಳ ಕಂಪನಿಯಲ್ಲಿ ಖರೀದಿ ವಿಭಾಗದವನು. ಹೆಲ್ಪರ್ ಆಗಿ ಸೇರಿ ಈ ಕುರ್ಚಿಗೆ ಬಂದವನು. ಬೋಲ್ಟಿನಿಂದ ಹಿಡಿದು ಪ್ಯಾಕಿಂಗ್ ಪೆಟ್ಟಿಗೆಯವರೆಗೆ ದರ ಇಳಿಸುವುದೇ ನನ್ನ ಕೆಲಸ. ನಮ್ಮಲ್ಲಿ ಒಂದು ಸೌಲಭ್ಯವಿದೆ. ಏಪ್ರಿಲ್‌ನಲ್ಲಿ ಫಾರ್ಮ್ ತುಂಬಿಕೊಟ್ಟರೆ ಸಂಬಳದ ಒಂದು ಪಾಲನ್ನು ತೆರಿಗೆ ಹಿಡಿಯುವ ಮೊದಲೇ ಆರೋಗ್ಯದ ಖರ್ಚಿಗೆಂದು ಬೇರೆ ಖಾತೆಯಲ್ಲಿ ಇಡುತ್ತಾರೆ. ವಿಮೆಯಲ್ಲಿ ಬಾರದ ಹಲ್ಲು, ಕನ್ನಡಕ, ಕಣ್ಣಿನ ಲೆನ್ಸು ಎಲ್ಲ ಅದರಲ್ಲಿ ನಡೆಯುತ್ತದೆ. ಆದರೆ ನಡುವೆ ಮೊತ್ತ ಬದಲಿಸುವ ಹಾಗಿಲ್ಲ, ಮಾರ್ಚ್ ಮುಗಿಯುವುದರೊಳಗೆ ಬಿಲ್ ಆಗದಿದ್ದರೆ ಉಳಿದದ್ದು ಹೋಯಿತು. ಇಂಥ ಸೌಲಭ್ಯ ನಿಮಗಿದ್ದರೆ ಬಿಡಬೇಡಿ. ಅಪ್ಪನ ಕನ್ನಡಕ, ಅವ್ವನ ಹಲ್ಲು ಅಂತ ಮೊದಲೇ ಲೆಕ್ಕ ಹಾಕಿ ಬರೆಯಿರಿ. ಆಫೀಸಿನ ಅರ್ಧ ಜನರ ಫಾರ್ಮ್ ನಾನೇ ತುಂಬಿಸುತ್ತೇನೆ.

ನನ್ನ ಫಾರ್ಮಿನಲ್ಲಿ ಕುಟುಂಬದ ಕಾಲಂ ಖಾಲಿ. ಹೆಂಡತಿ ತೀರಿ ಆರು ವರ್ಷ, ಮಕ್ಕಳಿಲ್ಲ. ಆ ವರ್ಷ ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ಒಳ್ಳೆಯ ಲೆನ್ಸೇ ಇರಲಿ ಎಂದು ದೊಡ್ಡ ಮೊತ್ತ ಬರೆದಿದ್ದೆ.

ಬರೆದು ಸುಮ್ಮನೆ ಹೋಗಿ ಮಾಡಿಸಿಕೊಂಡಿದ್ದರೆ ಆಗುತ್ತಿತ್ತು. ನಾನು ಮೂರು ಆಸ್ಪತ್ರೆಗಳ ದರ ತರಿಸಿ, ಒಬ್ಬರ ದರ ಇನ್ನೊಬ್ಬರಿಗೆ ತೋರಿಸುತ್ತ ತಿಂಗಳುಗಟ್ಟಲೆ ಜಗ್ಗಾಡಿದೆ. ಕೊನೆಗೆ ನೆಹರು ನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಒಪ್ಪಂದ ಕುದುರಿತು. ಆ ಹೊತ್ತಿಗೆ ಮಾರ್ಚ್ ಮುಗಿಯಲು ಎರಡು ದಿನ ಉಳಿದಿತ್ತು. ಫೋನಿನಲ್ಲಿ ಹುಡುಗಿ ಕೇಳಿದಳು, "ಜೋಡಿ ಯಾರ ಬರ್ತಾರ್ರಿ? ಒಬ್ಬರು ಬೇಕೇ ಬೇಕು, ಸಹಿ ಮಾಡಬೇಕು, ಮನಿಗೆ ಕರಕೊಂಡ ಹೋಗಬೇಕು."

"ತಮ್ಮ ಬರ್ತಾನ್ರಿ," ಎಂದುಬಿಟ್ಟೆ. ನನಗೆ ತಮ್ಮನಿಲ್ಲ.

ಆಫೀಸಿನಲ್ಲಿ ವರ್ಷಾಂತ್ಯದ ಗದ್ದಲ. ಲೆಕ್ಕಪತ್ರದ ಸವಿತಾ, "ಕಾಕಾ, ಇವತ್ತೊಂದಿನ ಬಿಟ್ಟು ಯಾವಾಗರ ಕರೀರಿ, ಓಡಿ ಬರ್ತೀನಿ," ಎಂದಳು. ಶಿವಬಸವ ನಗರದ ನನ್ನ ಪಕ್ಕದ ಮನೆಯವರನ್ನು ಕೇಳಲು ಮನಸ್ಸಾಗಲಿಲ್ಲ. ಅವರ ಹೊಸ ಗಾಡಿ ನೋಡಿ "ಭಾಳ ತುಟ್ಟಿ ತಗೊಂಡ್ರಿ" ಎಂದಿದ್ದೆ. ಅಂದಿನಿಂದ ಅವರದು ಬರೀ ತಲೆ ಆಡಿಸುವ ನಮಸ್ಕಾರ.

ಒಬ್ಬನೇ ಹೋದೆ. ನರ್ಸ್ ಎರಡು ಸಲ ಬಂದು, "ತಮ್ಮನವರು ಎಲ್ಲೀಮಟ ಬಂದ್ರು?" ಎಂದು ಕೇಳಿದಳು. "ದಾರ್ಯಾಗ ಅದಾನ," ಎಂದೆ. ಮೊಬೈಲ್ ತೆಗೆದು ಒಂದೊಂದೇ ಹೆಸರು ಸರಿಸಿದೆ. ಬೋಲ್ಟಿನವರು, ಬಣ್ಣದವರು, ರಟ್ಟಿನ ಡಬ್ಬಿಯವರು. ನೂರಾರು ಹೆಸರು. ಎಲ್ಲರನ್ನೂ ದರ ಕೇಳಬಹುದಿತ್ತು, ಬಾ ಅನ್ನಲು ಒಬ್ಬರೂ ಸಿಗಲಿಲ್ಲ. ಬಾಜೂಕ ಕುಳಿತ ಮುದುಕನ ಸುತ್ತ ನಾಲ್ಕು ಮಂದಿ ಇದ್ದರು, ಅವರಲ್ಲಿ ಯಾರು ಸಹಿ ಮಾಡಬೇಕೆಂದು ಜಗಳ ನಡೆದಿತ್ತು.

ಅಷ್ಟರಲ್ಲಿ ಫೋನ್ ಬಂತು. ಖಾನಾಪುರದ ಮಾರುತಿ. ನಮಗೆ ಕಟ್ಟಿಗೆಯ ಪೆಟ್ಟಿಗೆ ಮಾಡಿಕೊಡುವವನು. ಇಪ್ಪತ್ತು ವರ್ಷದಿಂದ ನಾನು ಅತಿ ಹೆಚ್ಚು ಹಿಂಡಿದ್ದು ಅವನನ್ನೇ.

"ಸಾಹೇಬ್ರ, ಹೊಸಾ ರೇಟಿನ ಪತ್ರ ತಗೊಂಡ ಬರ್ಲೇನ್ರಿ? ಈ ಸಲ ಇಳಸೂ ಮಾತ ಆಡಬ್ಯಾಡ್ರಿ ಮತ್ತ."

"ಮಾರುತಿ, ನಾ ಕಣ್ಣಿನ ಆಪರೇಷನ್ನಿಗೆ ಬಂದೀನಿ."

"ಹೌದ? ಬಾಜೂಕ ಯಾರ ಅದಾರ್ರಿ?"

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ. "ಯಾರೂ ಇಲ್ಲೋ," ಎಂದು ಬಂತು.

ಆ ಕಡೆ ಗರಗಸದ ಸದ್ದು ನಿಂತಿತು. "ತಾಸಿನ್ಯಾಗ ಬರ್ತೀನ್ರಿ. ಅಲ್ಲೀಮಟ ಡಾಕ್ಟರ ಜೋಡಿ ಚೌಕಾಶಿ ಮಾಡ್ಕೋತ ಕುಂದರ್ರಿ, ನಿಮಗ ಹೊತ್ತು ಹೋಗತೈತಿ."

ಬಂದ. ತಲೆ ತುಂಬ ಕಟ್ಟಿಗೆ ಪುಡಿ. ನರ್ಸ್ ಅವನನ್ನು ಹೊರಗೆ ಕಳಿಸಿ ಅಂಗಿ ಝಾಡಿಸಿಕೊಂಡು ಬರಲು ಹೇಳಿದಳು. ಆಮೇಲೆ ಕಾಗದ ಮುಂದಿಟ್ಟು, "ಪೇಶಂಟಿಗೆ ಏನಾಗಬೇಕ್ರಿ ನೀವು?" ಎಂದಳು.

"ವೈರಿ ಅಂತ ಬರದ್ರ ನಡೀತೈತೇನ್ರಿ ಅಕ್ಕಾರ?"

ಅವಳು ನಕ್ಕಳು. ಮಾರುತಿ ಪೆನ್ನಿಗೆಂದು ಕಿಸೆಗೆ ಕೈ ಹಾಕಿದಾಗ ಅದರ ಜೊತೆ ದರದ ಪತ್ರವೂ ಹೊರಗೆ ಬಂತು. ನಾನು ನೋಡಿದೆ. ಅವನೂ ನಾನು ನೋಡಿದ್ದನ್ನು ನೋಡಿದ. ಮಡಚಿ ಮತ್ತೆ ಒಳಗಿಟ್ಟು, ಸಂಬಂಧದ ಜಾಗದಲ್ಲಿ ಮರಾಠಿ ಅಕ್ಷರದಲ್ಲಿ 'ತಮ್ಮ' ಎಂದು ಬರೆದು ಸಹಿ ಹಾಕಿದ. ಆಸ್ಪತ್ರೆಯವರಿಗೆ ಫೋನಿನಲ್ಲಿ ನಾನು ಹೇಳಿದ ಸುಳ್ಳು ಅವನಿಗೆ ಗೊತ್ತೇ ಇರಲಿಲ್ಲ.

ಆಪರೇಷನ್ ಅರ್ಧ ತಾಸಿನಲ್ಲಿ ಮುಗಿಯಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದಾಗ ಅವನು ನನ್ನ ರಟ್ಟೆ ಹಿಡಿದ. ನನ್ನನ್ನು ಯಾರಾದರೂ ಹಾಗೆ ಹಿಡಿದು ಎಷ್ಟು ದಿನವಾಗಿತ್ತೋ. ಆಟೋದಲ್ಲಿ ಮನೆಗೆ ತಂದು ಮಂಚದ ಮೇಲೆ ಕೂರಿಸಿದ. ನಾನು ರೂಢಿಯಂತೆ, "ನಿನ್ನ ಬಸ್ಸಿನ ಟಿಕೆಟ್ ಕೊಡೋ, ಖಾತ್ಯಾಗ ಹಚ್ಚಾಕ ಬರತೈತೇನೋ ಕೇಳತೀನಿ," ಎಂದೆ.

"ನೀವ ಸುಧಾರ್ಸಂಗಿಲ್ಲ ಬಿಡ್ರಿ," ಎಂದು ಟಿಕೆಟ್ ಮುದುರಿ ಕಿಟಕಿಯಿಂದ ಎಸೆದ. ಸಂಜೆ ಲೋಡ್ ಕಳಿಸುವುದಿತ್ತು, ಐದರ ಬಸ್ಸಿಗೆ ಹೋದ.

ರಾತ್ರಿ, ಡಾಕ್ಟರು ಹೇಳಿದಂತೆ ಪಟ್ಟಿ ತೆಗೆದು ಕಣ್ಣಿಗೆ ಹನಿ ಹಾಕುವ ಹೊತ್ತಾಯಿತು. ಒಬ್ಬನೇ ಹಾಕಿಕೊಳ್ಳುವುದು ಸುಲಭವಲ್ಲ. ಮೂರು ಹನಿ ಗಲ್ಲದ ಮೇಲೆ ಬಿದ್ದವು, ನಾಲ್ಕನೆಯದು ಕಣ್ಣಿಗೆ ಬಿತ್ತು.

ಬಿಲ್ ತಾರೀಖಿನೊಳಗೇ ಆಯಿತು, ಒಂದು ರೂಪಾಯಿ ಹೋಗಲಿಲ್ಲ. ಮುಂದಿನ ವಾರ ದರದ ಪತ್ರ ಬಂತು. ಜಗ್ಗಾಡಿದೆ, ಅದು ನನ್ನ ಕೆಲಸ. ಅವನೂ ಬೈದ, ಅದು ಅವನ ಕೆಲಸ. ಆಸ್ಪತ್ರೆಯ ಮಾತು ಇಬ್ಬರೂ ಎತ್ತಲಿಲ್ಲ.

ಈಗಲೂ ಫಾರ್ಮ್ ತುಂಬಿಸಲು ಬಂದವರಿಗೆ ಸಲಹೆ ಕೊಡುತ್ತೇನೆ. ಮೊತ್ತ ಆಮೇಲೆ ಬರೆಯಿರಿ, ಆಸ್ಪತ್ರೆಯ ದಿನ ಹೊರಗೆ ಯಾರು ಕೂರುತ್ತಾರೆ ಎಂದು ಮೊದಲು ಕೇಳಿಟ್ಟುಕೊಳ್ಳಿ ಎನ್ನುತ್ತೇನೆ. ಅವರು ನಗುತ್ತಾರೆ, ಅವರಿಗೆಲ್ಲ ಮನೆ ತುಂಬ ಜನ.

ಎಡಗಣ್ಣಿಗೂ ಪೊರೆ ಬರುತ್ತಿದೆ. ಈ ಸಲ ತಾರೀಖು ಹಿಡಿಯುವ ಮೊದಲೇ ಮಾರುತಿಯನ್ನು ಕೇಳಬೇಕು. ಆದರೆ ದರದ ಮಾತಿಲ್ಲದೆ ಅವನಿಗೆ ನಾನು ಎಂದೂ ಫೋನ್ ಮಾಡಿದವನಲ್ಲ. ಎರಡು ಸಲ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ.