ಗಣಪತಿ ಗುಡಿಯ ಮುಂದೆ ಬ್ರೇಕು

ಲೈಸೆನ್ಸ್ ಬಂದ ಹೊಸದರಲ್ಲಿ ಸ್ಕೂಟರಿನ ಬೀಗದಕೈ ನನಗೆ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ಪ್ರತಿ ಸೋಮವಾರ ಅಜ್ಜಿಯನ್ನು ಶ್ರೀರಾಂಪುರದ ನಮ್ಮ ಮನೆಯಿಂದ ಸರಸ್ವತಿಪುರಂನ ಅವರ ತಂಗಿಯ ಮನೆಗೆ ಕರೆದುಕೊಂಡು ಹೋಗಿಬರಬೇಕು. ಅಜ್ಜಿಯಿಂದ ಒಂದೇ ಒಂದು ದೂರು ಬಂದರೂ ಬೀಗದಕೈ ಮತ್ತೆ ಅಮ್ಮನ ಸೊಂಟಕ್ಕೆ.

ಅಜ್ಜಿ ಹೆಲ್ಮೆಟ್ಟಿಗೆ ಬೋಗುಣಿ ಎಂದು ಹೆಸರಿಟ್ಟಿದ್ದರು. ಮೊದಲ ಸೋಮವಾರ ಮುಡಿದ ಮಲ್ಲಿಗೆಯನ್ನು ತೆಗೆದು ಕೈಚೀಲದಲ್ಲಿಟ್ಟು, ಬೋಗುಣಿ ಧರಿಸಿ, ಪಲ್ಲಕ್ಕಿ ಏರಿದ ಗತ್ತಿನಲ್ಲಿ ಹಿಂದೆ ಕೂತರು. ದಾರಿಯಲ್ಲೊಂದು ಗಣಪತಿ ಗುಡಿ. ಗುಡಿ ಕಂಡರೆ ಓಡುವ ಗಾಡಿಯ ಮೇಲೇ ಕೈ ಬಿಟ್ಟು ಎದೆ ಮುಟ್ಟಿಕೊಳ್ಳುವವರು ನಮ್ಮೂರಲ್ಲಿ ಬೇಕಾದಷ್ಟು. ಅದು ಅಪಾಯವೆಂದು ಬಲ್ಲ ಜಾಣೆ ನಾನು. ಹಾಗಾಗಿ ಗುಡಿಯ ಬಾಗಿಲಿಗೆ ಸರಿಯಾಗಿ, ನಡುರಸ್ತೆಯಲ್ಲಿ, ಗಕ್ಕನೆ ನಿಲ್ಲಿಸಿ ಎರಡೂ ಕೈ ಮುಗಿದೆ.

ಹಿಂದೆ ಕಿರ್ರೆಂದಿತು. ಆಟೋವೊಂದರ ಮೂತಿ ಅಜ್ಜಿಯ ಸೆರಗಿನಿಂದ ಗೇಣು ದೂರದಲ್ಲಿತ್ತು.

“ಗಣಪತಿಗೆ ಕೈ ಮುಗೀರಿ ಅಮ್ಮಾವ್ರೆ, ಬ್ಯಾಡ ಅನ್ನಲ್ಲ,” ಎಂದ ಆಟೋದವನು. “ಹಿಂದೆ ಬರೋ ನಮ್ಮನ್ನೂ ವಸಿ ನೋಡ್ಬುಡಿ.”

ಅಜ್ಜಿ ಅವನ ಜನ್ಮ ಜಾಲಾಡುತ್ತಾರೆಂದು ಕಾದೆ. ಅವರು ತಿರುಗಿ ಅವನಿಗೇ ಕೈ ಮುಗಿದು, “ತಪ್ಪು ನಮ್ದೇ ಕಣಪ್ಪ” ಅಂದರು. ಬೀಗದಕೈ ಹೋಯಿತೆಂದೇ ತಿಳಿದೆ.

ಮನೆಯಲ್ಲಿ ಅಮ್ಮ ವಿಚಾರಿಸಿದಾಗ ಅಜ್ಜಿ ನಿಧಾನವಾಗಿ ಹೂ ಮುಡಿದುಕೊಂಡರು. “ಓಡ್ಸೋದು ಚೆನ್ನಾಗೇ ಓಡಿಸ್ತಾಳೆ ಕಣಮ್ಮ. ನಿಲ್ಸೋದು ಬರಲ್ಲ. ಅದನ್ನ ನಾನು ಕಲಿಸ್ತೀನಿ.”

ಸೈಕಲ್ಲನ್ನೂ ಮುಟ್ಟದ ಗುರು! ಮುಂದಿನ ಸೋಮವಾರ ಗುಡಿ ಇನ್ನೂ ದೂರವಿರುವಾಗಲೇ ಬೆನ್ನ ಹಿಂದೆ ಪಾಠ ಶುರುವಾಯಿತು: ಕನ್ನಡಿ ನೋಡು, ಲೈಟು ಹಾಕು, ಎಡಕ್ಕೆ ಬಾ, ಮೆಲ್ಲಗೆ. ಲೈಟಿನ ಮೇಲೆ ನಂಬಿಕೆ ಸಾಲದೆ ತಾವೂ ಬಳೆಗೈಯನ್ನು ಎಡಕ್ಕೆ ಉದ್ದಕ್ಕೆ ಚಾಚಿದರು. ಗುಡಿ ದಾಟಿ, ಹೊಂಗೆ ಮರದ ಕೆಳಗೆ, ರಸ್ತೆಯಂಚಿನಲ್ಲಿ ನಿಲ್ಲಿಸಿದೆ. ದೇವರು ಹಿಂದೆಯೇ ಉಳಿದನಲ್ಲ ಎಂದು ಗೊಣಗಿದೆ.

“ಅವನೆಲ್ಲೂ ಓಡೋಗಲ್ಲ. ಇಳಿ, ನಡ್ಕೊಂಡು ಹೋಗೋಣ.”

ಅಷ್ಟರಲ್ಲಿ ಹಿಂದಿನಿಂದ ಬಂದ ಆಟೋವೊಂದು ನಡುರಸ್ತೆಯಲ್ಲೇ ಗಕ್ಕನೆ ನಿಂತಿತು. ಚಾಚಿದ ಕೈ ತನ್ನನ್ನೇ ಕರೆಯಿತೆಂದುಕೊಂಡು ಚಾಲಕ ಎಲ್ಲಿಗೆ ಅಂತ ಕೇಳಿದ.

ಅಜ್ಜಿ ಬೋಗುಣಿ ತೆಗೆದರು. “ಮೊದ್ಲು ಎಡಕ್ಕೆ ಹಾಕಪ್ಪ. ಆಮೇಲೆ ಕೇಳು.”