ಹಳದಿ ಮಸೆಗಲ್ಲು

ನಮ್ಮ ಯಜಮಾನರದು ಕ್ಷೌರದಂಗಡಿ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಕತ್ತಿ, ಕಲ್ಲು ಎಂದು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಉಳಿದ ಅಂಗಡಿಗಳೆಲ್ಲ ಬ್ಲೇಡಿಗೆ ಬದಲಾದವು. ಇವರು ಮಾತ್ರ ಮಡಚುವ ಹಳೇ ಕತ್ತಿ ಬಿಡಲಿಲ್ಲ. ಹಠ ಅಂದರೆ ಹಠ. ಆ ಕತ್ತಿಯ ನುಣುಪಿಗೆಂದೇ ಬರುವ ಗಿರಾಕಿಗಳಿದ್ದರು, ಇಲ್ಲವೆನ್ನುವುದಿಲ್ಲ.

ಈಚೆಗೆ ಕತ್ತಿ ಕೂದಲನ್ನು ಕತ್ತರಿಸದೆ ಕೀಳತೊಡಗಿತು. ಗಿರಾಕಿಗಳ ಕೆನ್ನೆ ಉರಿಯಿತು. ಒಬ್ಬರ ಗದ್ದದಲ್ಲಿ ರಕ್ತವೇ ಬಂತು. "ಕಲ್ಲು ಸವೆದಿದೆ" ಅಂದರು ಇವರು. ಬೇರೆ ಕಲ್ಲು ತಂದರು, ಅದೂ ಸರಿಯಿಲ್ಲವಂತೆ. ಗುಜರಿ ಅಂಗಡಿಗಳನ್ನು ಅಲೆದಲೆದು ಹೊತ್ತು ತಂದ ಕಲ್ಲುಗಳಿಂದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕೊಡಲಿ ಮಸೆಯುವ ಒರಟು ಕಲ್ಲು, ನಡುವೆ ಹಳ್ಳ ಬಿದ್ದ ಕಲ್ಲು, ಏನೇನೋ.

ಅವರ ಬಲಗೈ ನಡುಗುವುದು ನನಗೆ ಕಾಣುತ್ತಿತ್ತು. ಹೇಳುವುದು ಹೇಗೆ? ಅವರಿಗೆ ಬರುವ ವಿದ್ಯೆ ಅದೊಂದೇ. ಅದು ಕೈಬಿಟ್ಟಿತೆಂದು ಹೆಂಡತಿಯ ಬಾಯಲ್ಲಿ ಕೇಳಿದರೆ ಮನುಷ್ಯ ಉಳಿಯುತ್ತಾನೆಯೇ? ದೇವರೇ, ಕಲ್ಲೇ ಕೆಟ್ಟಿರಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ಒಯ್ದಾಗ ಇವರ ಮುಖ ಅರಳಿತ್ತು. ಎಣ್ಣೆ ಜಿಡ್ಡು ಹಿಡಿದಿದ್ದ ಒಂದು ಹಳೇ ಕಲ್ಲನ್ನು ಸೋಡಾ ಹಾಕಿ ತೊಳೆದಿಟ್ಟಿದ್ದರು.

"ನೋಡೇ, ಮೇಲೆ ಹಳದಿ, ಕೆಳಗೆ ಕಪ್ಪು. ಮಸೆಯೋದು ಹಳದಿ ಮೇಲೆ. ಕಪ್ಪು ಬರೀ ಆಧಾರಕ್ಕೆ."

"ಪ್ರತಿ ಕಲ್ಲಿಗೂ ಹೀಗೇ ಹೇಳ್ತೀರಿ."

"ನೀರು ಹಾಕು. ಕುಡಿಯುತ್ತಾ ನೋಡು."

ಹಾಕಿದೆ. ಕಲ್ಲು ಕುಡಿಯಲಿಲ್ಲ, ಹನಿ ಹಾಗೆಯೇ ನಿಂತಿತು. ಉಗುರು ಎಳೆದರೆ ಗಾಜಿನಂತೆ ಜಾರಿತು. ಎಲ್ಲೂ ಹಳ್ಳವಿಲ್ಲ. ಈ ಸಲ ಕಲ್ಲು ನಿಜಕ್ಕೂ ಒಳ್ಳೆಯದೇ. ನನಗೆ ಭಯವಾಯಿತು.

ಇವರು ಕೂತು ಮಸೆದರು. ನನ್ನ ತಲೆಯಿಂದ ಒಂದು ಕೂದಲು ಕಿತ್ತು, ಇಳಿಬಿಟ್ಟು ಹಿಡಿದು, ಅಲಗು ತಾಗಿಸಿದರು. ಹದ ಬಂದ ಕತ್ತಿಗೆ ತಾಗಿದೊಡನೆ ಕೂದಲು ತುಂಡಾಗಬೇಕು. ಇದು ಬಾಗಿತು ಅಷ್ಟೇ. ಮತ್ತೆ ಮಸೆದರು, ಮತ್ತೆ ಬಾಗಿತು. ಹಣೆಯಲ್ಲಿ ಬೆವರು. ನಾನು ಬೀದಿಯ ಕಡೆ ಮುಖ ತಿರುಗಿಸಿಕೊಂಡೆ.

"ನೀನು ಮಸೆ. ನಿನಗೂ ಬರದಿದ್ರೆ ಕಲ್ಲೇ ದಂಡ ಅಂತ ಬಿಸಾಕ್ತೀನಿ."

ಕೆಡಿಸಿಬಿಡೋಣ ಎಂದೇ ಕೂತೆ. ಕತ್ತಿಯ ಬೆನ್ನು ಎತ್ತಿ ಹಿಡಿದೆ.

"ಬೆನ್ನು ಎತ್ತಬೇಡ ಕಣೇ. ಬೆನ್ನು, ಅಲಗು ಎರಡೂ ಕಲ್ಲಿಗೆ ತಾಗಿರಲಿ."

ಬಲವಾಗಿ ಅದುಮಿದೆ.

"ಒತ್ತಬೇಡ. ಕತ್ತಿಗೆ ಅದರ ಭಾರವೇ ಸಾಕು. ಅಲಗು ಮುಂದಾಗಿ ತಳ್ಳು. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸು."

ಎಷ್ಟು ಬಗೆಯಲ್ಲಿ ತಪ್ಪು ಮಾಡಲು ನೋಡಿದರೂ ಈ ಮನುಷ್ಯ ಬಿಡಬೇಕಲ್ಲ! ತಮ್ಮ ಕೊರಳಿಗೆ ತಾವೇ ಉರುಲು ಬಿಗಿದುಕೊಳ್ಳುತ್ತಿದ್ದೇವೆಂಬ ಪರಿವೆಯೇ ಇಲ್ಲದೆ ಹೇಳಿಕೊಡುತ್ತ ಹೋದರು.

"ಈಗ ಸದ್ದು ತೆಳ್ಳಗಾಯ್ತು, ಕೇಳಿಸ್ತಾ? ಸಾಕು. ಚರ್ಮದ ಪಟ್ಟಿ ಮೇಲೆ ಎಳಿ."

ಎಳೆದೆ. ಅವರು ಕೂದಲು ಹಿಡಿದರು, ಅದು ಅವರ ಬೆರಳಲ್ಲಿ ನಡುಗುತ್ತಿತ್ತು. ಅಲಗು ತಾಗಿತೋ ಇಲ್ಲವೋ, ತುಂಡಾಗಿ ಬಿತ್ತು.

"ಏನೋ ಅದೃಷ್ಟ ರೀ. ಸುಮ್ನೆ ಉಜ್ಜಿದೆ" ಎಂದೆ.

"ಕಲ್ಲು ಚೆನ್ನಾಗಿದೆ" ಎಂದರು. ಕಲ್ಲಿನ ಕಡೆ ನೋಡಲೇ ಇಲ್ಲ, ತಮ್ಮ ಕೈಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಕುರ್ಚಿಯಲ್ಲಿ ಕೂತು ಗದ್ದ ಎತ್ತಿದ. ಇವರು ಅಭ್ಯಾಸಬಲದಿಂದ ಟವೆಲ್ ಕೊಡವಿದರು. ಆಮೇಲೆ ಅದನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದರು.

"ಎದುರು ಅಂಗಡಿಗೆ ಹೋಗಿ ಸಾರ್" ಅಂದರು. "ಅವನ ಕೈ ಚೆನ್ನಾಗಿದೆ."